ಪಕ್ಕದ ಬಾವಿಯಲ್ಲಿ ಇಲ್ಲದಷ್ಟು ರೇಡಾನ್ ನಮ್ಮ ಬೋರ್‌ವೆಲ್‌ನಲ್ಲಿ ಯಾಕೆ?

ಪ್ರಶ್ನೆ: ನಮ್ಮ ತೋಟ ರಾಮನಗರದ ಹತ್ತಿರ. ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದಾಗ ರೇಡಾನ್ ಜಾಸ್ತಿ ಬಂತು. ಪಕ್ಕದ ತೋಟದ ತೆರೆದ ಬಾವಿಯಲ್ಲಿ ತೀರಾ ಕಡಿಮೆ. ನೆಲ ಒಂದೇ ಅಲ್ವಾ, ಮತ್ತೆ ಯಾಕೆ ಹೀಗೆ?

ಉತ್ತರ: ನೆಲ ಒಂದೇ, ನೀರು ಬರುವ ದಾರಿ ಬೇರೆ.

ನಿಮ್ಮ ಸುತ್ತಲಿನ ಬೆಟ್ಟಗಳೆಲ್ಲ ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಯುರೇನಿಯಂ ಸ್ವಲ್ಪ ಜಾಸ್ತಿ. ಅದು ಬಹಳ ನಿಧಾನವಾಗಿ ರೇಡಿಯಂ ಎಂಬ ಇನ್ನೊಂದು ಧಾತು ಆಗುತ್ತದೆ, ರೇಡಿಯಂನಿಂದ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ಬೋರ್ ಕೊರೆಯುವಾಗ ಬೂದು ಬಣ್ಣದ ಕಲ್ಲುಪುಡಿ ಹಾರುತ್ತಿರುತ್ತದೆ. ಬಿರುಕು ಸಿಕ್ಕಿದ ಕೂಡಲೇ ಅದು ಕೆಸರಾಗಿ ನೀರು ಚಿಮ್ಮುತ್ತದೆ. ಆ ಬಿರುಕು ಎಷ್ಟೋ ಸಲ ಕೂದಲೆಳೆಯಷ್ಟು ಸಣ್ಣದು. ತೆಳ್ಳಗಿನ ನೀರಿಗೆ ಎರಡೂ ಕಡೆ ಕಲ್ಲೇ ತಾಗಿರುತ್ತದೆ. ಹುಟ್ಟಿದ ರೇಡಾನ್ ನೇರ ನೀರಿಗೆ ಸೇರುತ್ತದೆ, ಹೊರಗೆ ಹೋಗಲು ಗಾಳಿಯೇ ಇಲ್ಲ. ಬಿರುಕಿನ ಗೋಡೆಗೆ ಕಬ್ಬಿಣದ ತುಕ್ಕಿನಂಥ ಪದರ ಹಿಡಿದಿದ್ದರೆ ರೇಡಿಯಂ ಅದಕ್ಕೆ ಅಂಟಿಕೊಂಡು ರೇಡಾನ್ ಇನ್ನೂ ಹೆಚ್ಚುತ್ತದೆ. ಹಾಗಾಗಿ ಬೋರ್ ಎಷ್ಟು ಆಳ ಎಂಬುದೊಂದನ್ನೇ ನೋಡಿ ರೇಡಾನ್ ಎಷ್ಟಿದೆ ಎಂದರೆ ಲೆಕ್ಕ ತಪ್ಪುತ್ತದೆ.

ತೆರೆದ ಬಾವಿಗೆ ಬರುವುದು ಹೆಚ್ಚಾಗಿ ಮೇಲಿನ ಸವೆದ ಕಲ್ಲು, ಮಣ್ಣಿನ ನೀರು. ಜೊತೆಗೆ ಬಾವಿಯ ಬಾಯಿ ಆಕಾಶಕ್ಕೆ ತೆರೆದಿದೆ. ಕೊಡ ಇಳಿಸಿ ಎಳೆದಾಗ ನೀರು ಕಲಕುತ್ತದೆ, ಅನಿಲ ಹಾರಿಹೋಗುತ್ತದೆ.

ಇನ್ನೊಂದು ವಿಷಯ ಕಾಲ. ರೇಡಾನ್ 3.8 ದಿನಕ್ಕೆ ಅರ್ಧವಾಗುತ್ತದೆ. ಹತ್ತು ದಿನಕ್ಕೆ ಉಳಿಯುವುದು ಆರರಲ್ಲಿ ಒಂದು ಪಾಲು. ಅಂದರೆ ದೂರದ ಬೆಟ್ಟದಲ್ಲಿ ಹುಟ್ಟಿದ್ದು ನಿಮ್ಮ ಮೋಟರ್ ತನಕ ಬರುವುದು ಕಷ್ಟ. ಬೋರ್‌ನ ಸುತ್ತಮುತ್ತಲಿನ ಕಲ್ಲೇ ಮುಖ್ಯ. ಮಳೆಗಾಲದಲ್ಲಿ ಹೊಸ ನೀರು ಸೇರಿದಾಗ, ಬೇಸಿಗೆಯಲ್ಲಿ ಮೋಟರ್ ಜಾಸ್ತಿ ಓಡಿದಾಗ ಅಂಕಿ ಬದಲಾಗುವುದೂ ಸಹಜ.

ಭಯ ಬೇಡ, ಆದರೆ ಸುಮ್ನೆ ಬಿಡಲೂ ಬೇಡಿ. ಹೆಚ್ಚಿನ ಅಪಾಯ ಕುಡಿಯುವುದರಲ್ಲಿ ಅಲ್ಲ, ನೀರಿನಿಂದ ಮನೆಯ ಗಾಳಿಗೆ ಬಂದದ್ದನ್ನು ಉಸಿರಾಡುವುದರಲ್ಲಿ. ಅದು ಶ್ವಾಸಕೋಶದ ಕ್ಯಾನ್ಸರ್‌ಗೆ ಒಂದು ಕಾರಣ, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. ನೀರನ್ನು ಹೊರಗಿನ ತೊಟ್ಟಿಗೆ ಎತ್ತರದಿಂದ ಬೀಳಿಸಿ, ಒಂದೆರಡು ದಿನ ಬಿಟ್ಟು ಬಳಸಿ. ಬಚ್ಚಲಿನ ಕಿಟಕಿ ತೆಗೆದಿಡಿ. ನೀರಿನಲ್ಲಿ ಯುರೇನಿಯಂ ಇದ್ದರೆ ಅದು ಹೀಗೆ ಹೋಗುವುದಿಲ್ಲ, ಅದಕ್ಕೆ ಬೇರೆಯೇ ಪರೀಕ್ಷೆ ಮಾಡಿಸಿ.

ಮತ್ತೆ ಪರೀಕ್ಷೆಗೆ ಕೊಡುವಾಗ ತೊಟ್ಟಿಯ ನೀರು ಕೊಡಬೇಡಿ. ಮೋಟರ್ ಸ್ವಲ್ಪ ಹೊತ್ತು ಓಡಿಸಿ, ಬಾಟಲಿಯನ್ನು ಗುಳ್ಳೆ ಬರದಂತೆ ಮೆಲ್ಲಗೆ ಬಾಯಿ ತನಕ ತುಂಬಿಸಿ, ಅದೇ ದಿನ ತಲುಪಿಸಿ.