ಭೂಕುಸಿತದ ನಂತರ ದಿನಚರಿಯನ್ನು ಮರಳಿ ಕಟ್ಟುವುದು

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರ ಸೇರಿದವು. ಅಂಥ ಮನೆಗಳಲ್ಲಿ ಆಟಿಸಂ ಅಥವಾ ಬೌದ್ಧಿಕ ವಿಕಲತೆ ಇರುವವರಿದ್ದರೆ, ಉಳಿದವರು ಚೇತರಿಸಿಕೊಳ್ಳತೊಡಗಿದ ಮೇಲೂ ಅವರ ಕಷ್ಟ ಹೆಚ್ಚುತ್ತಲೇ ಹೋಗುವುದನ್ನು ವಿಶೇಷ ಶಿಕ್ಷಕಿಯಾಗಿ ಕಂಡಿದ್ದೇನೆ. ಕಲಿತಿದ್ದ ನಾಲ್ಕು ಮಾತು ನಿಂತುಹೋಗುತ್ತದೆ, ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ, ಕೈ ಕಚ್ಚಿಕೊಳ್ಳುವುದು ಶುರುವಾಗುತ್ತದೆ. ನೆಂಟರು ಇದನ್ನು ಹಠವೆನ್ನುತ್ತಾರೆ. ಬಾಯಲ್ಲಿ ಹೇಳಲಾಗದ ಭಯ ಮೈಯಲ್ಲಿ ಕಾಣಿಸುತ್ತಿರುತ್ತದೆ. ಕೆಲವೊಮ್ಮೆ ಹಲ್ಲುನೋವೋ ಮಲಬದ್ಧತೆಯೋ ಕಾರಣವಾಗಿರುವುದರಿಂದ ಮೊದಲು ವೈದ್ಯರಿಗೆ ತೋರಿಸಬೇಕು. ಫಿಟ್ಸ್ ಮಾತ್ರೆಯಂತೂ ಒಂದು ಹೊತ್ತೂ ತಪ್ಪಬಾರದು. ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾದೀತು.

ಕೇಂದ್ರದಲ್ಲಿ ಊಟವನ್ನೇ ಮುಟ್ಟದಿದ್ದ ಒಬ್ಬ ಯುವಕನ ತಾಯಿ, "ಕೋಳಿಗೂಡಿನ ಬಾಗಿಲು ತೆಗೆಯದೆ ಇವನು ರೊಟ್ಟಿ ಮುಟ್ಟಿದವನಲ್ಲ ಟೀಚರ್" ಎಂದರು. ಕೋಳಿಗಳೂ ಇಲ್ಲ, ಗೂಡೂ ಇಲ್ಲ. ಬೆಳಿಗ್ಗೆ ಅಡುಗೆಯವರ ಜೊತೆ ತಟ್ಟೆಗಳನ್ನು ಜೋಡಿಸಿಡುವ ಕೆಲಸವನ್ನು ಅವನಿಗೆ ವಹಿಸಿ, ಅವನಿಗೆಂದೇ ಒಂದು ತಟ್ಟೆ ಗುರುತು ಮಾಡಿಟ್ಟ ಮೇಲೆ ಊಟ ನಿಧಾನವಾಗಿ ದಾರಿಗೆ ಬಂತು. ಆಪ್ತಸಮಾಲೋಚನೆಗಿಂತ ಮೊದಲು ಬೇಕಾದದ್ದು ಇಂಥ ಒಂದು ನಿತ್ಯದ ಕೆಲಸ ಎಂಬುದು ನನ್ನ ಅಭಿಪ್ರಾಯ.

ಸಮಾಧಾನಕ್ಕೆಂದು "ನಾಳೆ ಮನೆಗೆ ಹೋಗೋಣ" ಎನ್ನುವುದನ್ನು ಮಾತ್ರ ಬಿಡಬೇಕು, ಏಕೆಂದರೆ ಅವರು ಆ ನಾಳೆಯನ್ನು ನಿಜವಾಗಿಯೂ ಕಾಯುತ್ತಾರೆ. ಮನೆ ಬಿದ್ದಿರುವ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ, ಮನೆ ಬಿದ್ದಿದೆ ಎಂಬ ಒಂದೇ ಮಾತನ್ನು ಚಿಕ್ಕದಾಗಿ, ಕೇಳಿದಷ್ಟು ಸಲವೂ ಹೇಳಬೇಕಾಗುತ್ತದೆ. ಜಂಬೂರು, ಕರ್ಣಂಗೇರಿಯಂಥ ಪುನರ್ವಸತಿ ಬಡಾವಣೆಗಳಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ವಾಸಕ್ಕೆ ಮೊದಲೇ ಎರಡು ಮೂರು ಸಲ ಕರೆದುಕೊಂಡು ಹೋಗಿ, ಬಾಗಿಲಿಗೆ ಬೇರೆ ಬಣ್ಣ ಹಚ್ಚಿದರೆ ದಾರಿ ತಪ್ಪುವ ಗಾಬರಿ ಕಡಿಮೆಯಾಗುತ್ತದೆ.

ಕೊಡಗಿನಲ್ಲಿ ಜೂನ್ ಬಂದರೆ ಶೀಟಿನ ಮೇಲೆ ಬೀಳುವ ಮಳೆಯ ಸದ್ದೇ ಹಳೆಯ ಭಯವನ್ನು ಎಬ್ಬಿಸಬಲ್ಲದು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 8ನೇ ಸೆಕ್ಷನ್ನಿನಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ವಿಕಲಚೇತನರ ವಿವರವನ್ನು ದಾಖಲಿಸಿಟ್ಟುಕೊಂಡು, ಅಪಾಯದ ಸೂಚನೆಯನ್ನು ಅವರಿಗೆ ಮುಟ್ಟಿಸಬೇಕು. ಮೇ ತಿಂಗಳಲ್ಲೇ ವಿಕಲಚೇತನರಿಗಾಗಿ ಇರುವ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಆ ದಾಖಲೆಯಲ್ಲಿ ನಿಮ್ಮವರ ಹೆಸರಿದೆಯೇ ಎಂದು ವಿಚಾರಿಸಿ. ಹೆಸರಿನೊಂದಿಗೆ ಮಾತ್ರೆಯ ವಿವರವನ್ನೂ, "ಗದ್ದಲ ಕಂಡರೆ ಬಚ್ಚಿಟ್ಟುಕೊಳ್ಳುತ್ತಾರೆ, ಹಿಡಿದೆಳೆಯದೆ ಮನೆಯವರ ಕೈಯಲ್ಲೇ ಕರೆಸಬೇಕು" ಎಂಬ ಸಾಲನ್ನೂ ಬರೆಸಿ.