ಸುನಾಮಿ ಬೋರ್ಡ್ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಸಿರು ಯಾಕೆ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಒರೆಗಾನ್ ಕಡಲತೀರದಲ್ಲಿ ಸುನಾಮಿ ಬಂದರೆ ಓಡುವ ದಾರಿಯ ಬೋರ್ಡ್ ನೋಡಿದೆವು. ನೀಲಿ ಬಣ್ಣದ್ದು. ಜಪಾನಿನ ಫೋಟೋಗಳಲ್ಲಿ ನೋಡಿದರೆ ಹಸಿರು. ಎಲ್ಲ ಕಡೆ ಒಂದೇ ತರ ಮಾಡೋಕೆ ಏನು ಕಷ್ಟ?
– ತೀರ್ಥಹಳ್ಳಿಯ ಓದುಗರೊಬ್ಬರು

ಉತ್ತರ: ಆಗುಂಬೆ ಘಾಟಿಯಿಂದಲೇ ಶುರು ಮಾಡೋಣ. ಅಲ್ಲಿ ತಿರುವಿನ ಬೋರ್ಡ್ ಹೇಗಿದೆಯೋ ಹುಲಿಕಲ್ ಘಾಟಿಯಲ್ಲೂ ಹಾಗೇ. ಕೆಂಪು ಅಂಚಿನ ತ್ರಿಕೋನ, ಒಳಗೆ ಮಡಚಿದ ಬಾಣ. ದಿನಾ ಇಳಿದು ಹತ್ತುವ ಬಸ್ ಡ್ರೈವರಿಗೆ ಅದು ಬೇಕಾಗಿಯೇ ಇಲ್ಲ. ಬೇಕಾಗಿರುವುದು ಮೊದಲ ಸಲ ಕಾರು ಇಳಿಸುವವರಿಗೆ.

ಕಡಲತೀರದಲ್ಲಿ ಆ ಹೊಸಬರು ನಾವೇ, ಘಟ್ಟದ ಮೇಲಿನವರು. ಮರವಂತೆಯನ್ನೇ ನೋಡಿ. ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ. ಅಲೆಗೆ ಬೆನ್ನು ಹಾಕಿ ಓಡಿದರೆ ಎದುರಿಗೆ ಹೊಳೆ! ಸುನಾಮಿ ನೀರು ಹೊಳೆಯ ಬಾಯಿಂದ ಒಳಕ್ಕೂ ನುಗ್ಗುತ್ತದೆ. ಯಾವ ಕಡೆ ಹೋದರೆ ಎತ್ತರದ ಜಾಗ ಸಿಗುತ್ತದೆ ಅನ್ನುವುದು ಊರಿನವರಿಗೆ ಗೊತ್ತು, ನಮಗೆ ಬೋರ್ಡೇ ಹೇಳಬೇಕು.

ಇನ್ನು ಬಣ್ಣದ ವಿಷಯ. ಐಎಸ್‌ಒ ಅಂತರರಾಷ್ಟ್ರೀಯ ಮಾನಕದಲ್ಲಿ ಹಸಿರು ಅಂದರೆ ಸುರಕ್ಷಿತ ಜಾಗ, ಅಥವಾ ಪಾರಾಗುವ ದಾರಿ. ಸಿನಿಮಾ ಥಿಯೇಟರಿನ ಬಾಗಿಲ ಮೇಲೆ ಓಡುವ ಮನುಷ್ಯನ ಹಸಿರು ದೀಪ ನೋಡಿರುತ್ತೀರಿ, ಅಲ್ವಾ? ಅದೇ. ಹಳದಿ ತ್ರಿಕೋನ ಅಂದರೆ ಎಚ್ಚರಿಕೆ. ನೀಲಿ ವೃತ್ತಕ್ಕೆ 'ಇದನ್ನು ಮಾಡಲೇಬೇಕು' ಅಂತ ಅರ್ಥ, ಹೆಲ್ಮೆಟ್ ಹಾಕಿ ಅನ್ನುವ ಹಾಗೆ. 2008ರಲ್ಲಿ ಜಪಾನಿನ ಸುನಾಮಿ ಚಿತ್ರಗಳು ಈ ಮಾನಕಕ್ಕೆ ಸೇರಿದವು. ಅಷ್ಟರಲ್ಲಿ ಅಮೆರಿಕದ ಪೆಸಿಫಿಕ್ ತೀರದಲ್ಲಿ ನೀಲಿ ಬೋರ್ಡ್‌ಗಳು ನಿಂತಾಗಿತ್ತು. ನ್ಯೂಜಿಲೆಂಡೂ ನೀಲಿಯನ್ನೇ ಹಿಡಿಯಿತು. ವೆಲ್ಲಿಂಗ್ಟನ್ನಿನ ಕೆಲವು ಬೀದಿಗಳಲ್ಲಿ ರಸ್ತೆಗೆ ಅಡ್ಡಲಾಗಿ ನೀಲಿ ಪಟ್ಟಿಯನ್ನೇ ಬಳಿದಿದ್ದಾರೆ. ಅದನ್ನು ದಾಟಿದರೆ ನೀವು ಪಾರು. ನನಗೆ ಇದು ತುಂಬಾ ಇಷ್ಟವಾದ ಉಪಾಯ. ಓದುವ ಕೆಲಸವೇ ಇಲ್ಲ.

ಹೀಗೆ ಜನರಿಗೆ ರೂಢಿಯಾದದ್ದನ್ನು ಸುಮ್ನೆ ಕಿತ್ತು ಹಾಕೋಕೆ ಆಗುವುದಿಲ್ಲ. ಅರ್ಧ ಬದಲಿಸಿ ನಿಲ್ಲಿಸಿದರಂತೂ ಗೊಂದಲ ಜಾಸ್ತಿ. ಒಂದೇ ತೀರದಲ್ಲಿ ಎರಡು ಬಣ್ಣ ಕಂಡವರು ಎರಡಕ್ಕೂ ಬೇರೆ ಅರ್ಥ ಇರಬಹುದು ಅಂದುಕೊಳ್ಳುತ್ತಾರೆ. ದೇಶಗಳ ನಡುವೆ ಬಣ್ಣ ಬೇರೆಯಾದರೆ ನನಗೆ ಅಷ್ಟು ಚಿಂತೆಯಿಲ್ಲ. ಒಂದೇ ದೇಶದ ಎರಡು ರಾಜ್ಯಗಳಲ್ಲಿ ಬೇರೆ ಇರಬಾರದು.

ನಮ್ಮ ದೇಶದಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೊಡುವ ಕೇಂದ್ರ ಹೈದರಾಬಾದಿನಲ್ಲಿ 2007ರಿಂದ ಇದೆ. ಒಡಿಶಾದ ವೆಂಕಟರಾಯ್‌ಪುರ ಮತ್ತು ನೋಲಿಯಾಸಾಹಿ ಎಂಬ ಊರುಗಳಿಗೆ 2020ರಲ್ಲಿ ಯುನೆಸ್ಕೋದಿಂದ 'ಸುನಾಮಿಗೆ ಸಿದ್ಧ' ಎಂಬ ಮನ್ನಣೆ ಸಿಕ್ಕಿತು. ಸುನಾಮಿ ಮಾಹಿತಿಯ ಬೋರ್ಡ್‌ಗಳು ಎಲ್ಲರಿಗೂ ಕಾಣುವಂತಿರಬೇಕು ಅನ್ನುವುದೂ ಅದರ ಷರತ್ತುಗಳಲ್ಲೊಂದು. ನಮ್ಮ ಸಾಗರ ಪಟ್ಟಣದಿಂದ ಪುರಿ ಕಡೆಗೆ ಪ್ರವಾಸ ಹೋದವರಿಗೆ ಒಡಿಯಾ ಓದಲು ಬರುವುದಿಲ್ಲ. ಅಲೆ, ಗುಡ್ಡ, ಹತ್ತುವ ಮನುಷ್ಯ, ಒಂದು ಬಾಣ ಇದ್ದರೆ ಸಾಕು.

ಬೋರ್ಡೇ ಕಾಣದಿದ್ದರೆ? ತೀರದಲ್ಲಿದ್ದಾಗ ನೆಲ ತುಂಬಾ ಹೊತ್ತು ನಡುಗಿದರೆ, ಅಥವಾ ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಸೈರನ್ನಿಗೂ ಕಾಯಬೇಡಿ. ಎತ್ತರಕ್ಕೆ ಹೋಗಿ. ಮೊದಲ ಅಲೆ ಇಳಿಯಿತು ಅಂತ ಚಪ್ಪಲಿ ಹುಡುಕಲು ವಾಪಸ್ ಬರಬೇಡಿ, ಆಮೇಲೆ ಬರುವ ಅಲೆ ಇನ್ನೂ ದೊಡ್ಡದಿರಬಹುದು.