ಪದ ಪರಿಚಯ: ಫ್ಯಾಶನ್ ವಾಚ್

ವಾಚಿನ ಮುಖದ ಮೇಲೆ ಎಂಪೋರಿಯೊ ಅರ್ಮಾನಿ ಎಂದು ಬರೆದಿದೆ. ಹಾಗಾದರೆ ಅದು ಅರ್ಮಾನಿಯವರ ಕಾರ್ಖಾನೆಯಿಂದ ಬಂದದ್ದಾ? ಅಲ್ಲ. ಅದನ್ನು ಮಾಡಿಸಿ ಮಾರುವುದು ಅಮೆರಿಕದ ಟೆಕ್ಸಸ್‌ನಲ್ಲಿರುವ ಫಾಸಿಲ್ ಗ್ರೂಪ್. 1997ರಿಂದಲೂ ಹೀಗೇ ನಡೆದಿದೆ. ಮೈಕಲ್ ಕೋರ್ಸ್, ಡೀಸೆಲ್, ಡಿಕೆಎನ್‌ವೈ ವಾಚುಗಳೂ ಇದೇ ಮನೆಯಿಂದ ಬಂದವು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಪೈಪೋಟಿಗೆ ನಿಂತಂತೆ ಕಾಣುತ್ತವೆ, ಆದರೆ ದಾಯಾದಿಗಳೂ ಅಲ್ಲ, ಒಡಹುಟ್ಟಿದವರು!

ಇಂಥವನ್ನೇ ಫ್ಯಾಶನ್ ವಾಚ್ ಅನ್ನುವುದು. ಚೆಂದದ ವಾಚು ಎಂದಷ್ಟೇ ಇದರ ಅರ್ಥ ಅಲ್ಲ. ಬಟ್ಟೆ, ಬ್ಯಾಗು, ಸೆಂಟುಗಳಿಂದ ಹೆಸರಾದ ಕಂಪನಿ ತನ್ನ ಹೆಸರನ್ನು ವಾಚಿಗೆ ಹಾಕಿಸಿದರೆ ಅದು ಫ್ಯಾಶನ್ ವಾಚು. ವಾಚಿನ ಗೀಳು ಹತ್ತಿಸಿಕೊಂಡವರು ಈ ಮಾತನ್ನು ಸ್ವಲ್ಪ ಮೂಗು ಮುರಿದೇ ಹೇಳುತ್ತಾರೆ.

ಈ ವ್ಯವಹಾರಕ್ಕೆ ಲೈಸೆನ್ಸ್ ಎಂದು ಹೆಸರು. ಸರಳವಾಗಿ ಹೇಳಿದರೆ ಹೆಸರಿನ ಬಾಡಿಗೆ. ಫ್ಯಾಶನ್ ಕಂಪನಿ ತನ್ನ ಹೆಸರನ್ನು ಕೆಲವು ವರ್ಷಕ್ಕೆ ಕೊಡುತ್ತದೆ, ವಿನ್ಯಾಸಕ್ಕೆ ಒಪ್ಪಿಗೆ ಹಾಕುತ್ತದೆ, ಮಾರಾಟದಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತದೆ. ಮಾಡಿಸುವುದು, ಸಾಗಿಸುವುದು, ಕೆಟ್ಟರೆ ರಿಪೇರಿ ಮಾಡಿಕೊಡುವುದು ಎಲ್ಲ ವಾಚ್ ಕಂಪನಿಯ ತಲೆನೋವು. ಟಾಮಿ ಹಿಲ್‌ಫಿಗರ್, ಹ್ಯೂಗೋ ಬಾಸ್, ಲಕಾಸ್ಟ್, ಕೋಚ್ ಹೆಸರುಗಳನ್ನು ಹೀಗೆ ಪಡೆದಿರುವುದು ಮೊವಾಡೊ ಗ್ರೂಪ್. ಗೆಸ್ ಮತ್ತು ವರ್ಸಾಚೆ ವಾಚುಗಳ ಹಿಂದೆ ಇರುವುದು ಟೈಮೆಕ್ಸ್ ಗ್ರೂಪ್.

ಬಾಡಿಗೆ ಅಂದಮೇಲೆ ಮನೆ ಬದಲಾಗುವುದೂ ಉಂಟು. ಕ್ಯಾಲ್ವಿನ್ ಕ್ಲೈನ್ ವಾಚುಗಳನ್ನು 1997ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಮಾಡಿದ್ದು ಸ್ವಿಟ್ಜರ್‌ಲೆಂಡಿನ ಸ್ವಾಚ್ ಗ್ರೂಪ್. 2022ರಿಂದ ಆ ಹೆಸರು ಮೊವಾಡೊ ಕೈಗೆ ಬಂತು. ಹಾಗಾಗಿ 2015ರ ಕ್ಯಾಲ್ವಿನ್ ಕ್ಲೈನ್ ವಾಚಿಗೂ 2023ರದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ. ಹಳೆಯದನ್ನು ನೋಡಿ ಹೊಸದರ ಗುಣ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ.

ಇಷ್ಟಾದರೂ ಈ ಗ್ರೂಪುಗಳೇ ಎಲ್ಲವನ್ನೂ ತಯಾರಿಸುವುದಿಲ್ಲ. ಕೇಸು, ಡಯಲ್, ಪಟ್ಟಿಗಳು ಹೆಚ್ಚಾಗಿ ಚೀನಾದ ಕಾರ್ಖಾನೆಗಳಲ್ಲಿ ಆಗುತ್ತವೆ. ಒಳಗಿನ ಯಂತ್ರ, ಅಂದರೆ ಮೂವ್‌ಮೆಂಟ್, ಅನೇಕ ಸಲ ಜಪಾನಿನ ಮಿಯೋಟಾದ್ದು. ಮಿಯೋಟಾ ಅಂದರೆ ಸಿಟಿಜನ್ ಕಂಪನಿಯದೇ ಮೂವ್‌ಮೆಂಟ್ ಹೆಸರು. ಜಪಾನಿನದೇ ಇನ್ನೊಂದು ಕಂಪನಿ ಸೀಕೋ ಮನೆಯವು, ಸ್ವಿಸ್ ಕಂಪನಿ ರೋಂಡಾದವೂ ಇರುತ್ತವೆ. ಬ್ಯಾಟರಿ ಬದಲಿಸುವಾಗ ಹಿಂಬದಿ ಮುಚ್ಚಳ ತೆಗೆದ ಕೂಡಲೇ ಒಮ್ಮೆ ಇಣುಕಿ ನೋಡಿ. ಅಂಗೈ ಅಗಲದ ವಾಚಿನೊಳಗೆ ಹೆಬ್ಬೆರಳ ಉಗುರಿನಷ್ಟು ಯಂತ್ರ, ಅದು ಅಲ್ಲಾಡದಂತೆ ಸುತ್ತ ಒಂದು ಪ್ಲಾಸ್ಟಿಕ್ ಬಳೆ. ನೋಡಿದವರಿಗೆ ನಗು ಬಂದರೂ ಬರಬಹುದು.

ಹಾಗಂತ ಮೇಲೆ ಥಳುಕು ಒಳಗೆ ಹುಳುಕು ಅಂದುಬಿಟ್ಟರೆ ತಪ್ಪಾಗುತ್ತದೆ. ಆ ಪುಟ್ಟ ಯಂತ್ರ ಪಾಪ ನಿಯತ್ತಿನದು. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದನ್ನು ಎಣಿಸಿ ಮುಳ್ಳು ಓಡುತ್ತದೆ. ಮಿಯೋಟಾ 2035 ಎಂಬ ತೀರಾ ಸಾಮಾನ್ಯ ಮೂವ್‌ಮೆಂಟ್ ತಪ್ಪುವುದು ತಿಂಗಳಿಗೆ 20 ಸೆಕೆಂಡಿನೊಳಗೆ. ಸಮಯದ ನಿಖರತೆಗೆ ಕೊಡುವ ಸ್ವಿಸ್ ಕ್ರೋನೋಮೀಟರ್ ಸರ್ಟಿಫಿಕೇಟ್ ಪಡೆದ ದುಬಾರಿ ಮೆಕ್ಯಾನಿಕಲ್, ಅಂದರೆ ಬ್ಯಾಟರಿಯಿಲ್ಲದೆ ಸ್ಪ್ರಿಂಗಿನಿಂದ ಓಡುವ, ವಾಚಿಗೆ ದಿನಕ್ಕೇ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗಲು ರಿಯಾಯಿತಿ ಇದೆ. ಸಮಯ ನೋಡುವುದೇ ಕೆಲಸವಾದರೆ ಗೆಲ್ಲುವುದು ಯಾವುದು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಉಳಿತಾಯ ಮಾಡುವುದು ಹೊರಮೈಯಲ್ಲಿ. ಗೀರು ಬೀಳದ ಸಫೈರ್ ಬದಲು ಮಿನರಲ್ ಗಾಜು. ಗಟ್ಟಿ ಕೊಂಡಿಗಳ ಬದಲು ತಗಡು ಮಡಚಿ ಮಾಡಿದ ಸರಪಳಿ, ಕೈಯಲ್ಲಿ ಗಲಗಲ ಅನ್ನುತ್ತದೆ. ಚಿನ್ನದ ಬಣ್ಣ ತೆಳುವಾದ ಲೇಪ, ಮಣಿಕಟ್ಟು ಉಜ್ಜುವ ಕಡೆ ಮೊದಲು ಸವೆಯುತ್ತದೆ. ನೀರಿಗೆ 30 ಮೀಟರ್ ಎಂದು ಬರೆದಿದ್ದರೆ ಕೈ ತೊಳೆಯಲು ಸಾಕು, ಈಜಲು ಸಾಲದು. ಇಷ್ಟೇ ಗುಣದ ವಾಚು ದೊಡ್ಡ ಹೆಸರಿಲ್ಲದೆ ಎಷ್ಟೋ ಕಡಿಮೆಗೆ ಸಿಗುತ್ತದೆ. ಜಾಸ್ತಿ ಕೊಟ್ಟದ್ದು ಹೆಸರಿಗೆ, ಚೆಲುವಿಗೆ. ಅದು ಗೊತ್ತಿದ್ದೇ ಕೊಂಡರೆ ಯಾರೂ ಮೋಸ ಹೋದಂತಲ್ಲ.

ಫ್ಯಾಶನ್ ಹೆಸರಿನ ವಾಚೆಲ್ಲ ಹೀಗೇ ಎಂದೂ ಅಲ್ಲ. ಶನೆಲ್, ಎರ್ಮೆಸ್, ಲೂಯಿ ವಿಟಾನ್ ಸ್ವಿಟ್ಜರ್‌ಲೆಂಡಿನಲ್ಲಿ ಸ್ವಂತ ವಾಚ್ ತಯಾರಿಕೆ ಇಟ್ಟುಕೊಂಡಿವೆ. ಎರ್ಮೆಸ್ 2006ರಲ್ಲಿ ವೊಶೆ ಎಂಬ ಮೂವ್‌ಮೆಂಟ್ ಕಂಪನಿಯಲ್ಲಿ ಕಾಲು ಪಾಲು ಕೊಂಡಿತು. ಗುಚ್ಚಿಯ ವಾಚುಗಳೂ ಮೊದಲು ಲೈಸೆನ್ಸಿನವೇ. 1997ರಲ್ಲಿ ಅವನ್ನು ಮಾಡುತ್ತಿದ್ದ ಕಂಪನಿಯನ್ನೇ ಗುಚ್ಚಿ ಕೊಂಡುಕೊಂಡಿತು.

ನಿಮ್ಮ ಕೈಯಲ್ಲಿರುವುದು ಯಾವ ಮನೆಯದು ಎಂದು ತಿಳಿಯಲು ಹಿಂಬದಿಯ ಮಾದರಿ ಸಂಖ್ಯೆ ನೋಡಿ. ಎಆರ್, ಎಂಕೆ, ಡಿಝಡ್ ಅಂತ ಶುರುವಾದರೆ ಅದು ಫಾಸಿಲ್ ಮಾಡಿಸಿದ ಅರ್ಮಾನಿ, ಮೈಕಲ್ ಕೋರ್ಸ್ ಅಥವಾ ಡೀಸೆಲ್. ಡಯಲ್ಲಿನ ಬುಡದ ಸಣ್ಣ ಅಕ್ಷರವನ್ನೂ ಓದಿ. ಸ್ವಿಸ್ ಮೇಡ್ ಎಂದು ಬರೆಯಬೇಕಾದರೆ ಮೂವ್‌ಮೆಂಟ್ ಸ್ವಿಸ್ ಆಗಿರಬೇಕು, ಜೋಡಣೆ ಮತ್ತು ಕೊನೆಯ ತಪಾಸಣೆ ಅಲ್ಲೇ ಆಗಬೇಕು, ತಯಾರಿಕಾ ವೆಚ್ಚದ 60 ಶೇಕಡವಾದರೂ ಅಲ್ಲಿನದಾಗಿರಬೇಕು. 2017ರಿಂದ ಈ ನಿಯಮ ಇದೆ. ಸ್ವಿಸ್ ಮೂವ್‌ಮೆಂಟ್ ಎಂದಷ್ಟೇ ಇದ್ದರೆ ಯಂತ್ರ ಮಾತ್ರ ಅಲ್ಲಿಯದು, ಉಳಿದದ್ದು ಎಲ್ಲಿಯದೂ ಆಗಿರಬಹುದು.